ಯಾವ ತಾರೀಖಿನಿಂದ ಎಣಿಸುತ್ತೀರಿ?

(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಗೆಳೆಯರು ಬಿ.ಸಿ. ರೋಡಿನಲ್ಲಿ ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಆಮೇಲೆ ಬರೆದುಕೊಟ್ಟದ್ದು.)



ನನ್ನನ್ನು ಇಲ್ಲಿಗೆ ಕರೆದದ್ದು ಪದ್ಯ ಓದಲಿಕ್ಕೆ. ನಾನು ಪದ್ಯ ತಂದಿಲ್ಲ. ಒಂದು ಪಟ್ಟಿಯ ವಿಷಯ ತಂದಿದ್ದೇನೆ. ಸರ್ಕಾರಿ ಕನ್ನಡದಲ್ಲಿ ಅದಕ್ಕೆ ಜ್ಯೇಷ್ಠತಾ ಪಟ್ಟಿ ಅಂತಾರೆ. ಆಫೀಸಿನವರು ಸೀನಿಯಾರಿಟಿ ಲಿಸ್ಟ್ ಅಂತಾರೆ. ನಮ್ಮ ಸಭೆಗಳಲ್ಲಿ ಡಿ.ಸಿ. ಮನ್ನಾ ಜಾಗದ ಮಾತು ಬರುತ್ತದೆ, ಸ್ಮಶಾನದ ಮಾತು ಬರುತ್ತದೆ, ಹಾಸ್ಟೆಲಿನ ಅನ್ನದ ಮಾತು ಬರುತ್ತದೆ. ಜ್ಯೇಷ್ಠತೆಯ ಮಾತು ಬರುವುದಿಲ್ಲ. ಅದು ನೌಕರಿ ಸಿಕ್ಕಿದವರ ತಲೆಬಿಸಿ, ಕೂಲಿಯವರಿಗೆ ಎಂತಕ್ಕೆ ಅಂತ ನಾವು ತಿಳಿದುಕೊಂಡಿದ್ದೇವೆ. ನಾನೂ ಹಾಗೇ ತಿಳಿದುಕೊಂಡಿದ್ದೆ. ನಮ್ಮ ಮಾವನ ಕಾಗದಗಳನ್ನು ಓದುವವರೆಗೆ.

ಮಾವ ಅಂದರೆ ಅಮ್ಮನ ತಮ್ಮ. ನಮ್ಮ ಕೇರಿಯಿಂದ ಪೊಲೀಸ್ ಆದ ಮೊದಲ ಜನ. ಘಟ್ಟದ ಮೇಲಿನ ಒಂದು ಜಿಲ್ಲೆಯಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿದರು. ಹದಿನಾಲ್ಕು ವರ್ಷ ಅಲ್ಲೇ ಇದ್ದರು. ಬಂದೋಬಸ್ತು, ಬೀಟು, ಕೋರ್ಟು, ಹೆಣ ಕಾಯುವುದು ಎಲ್ಲ ಮಾಡಿದರು. ಹೊಸದಾಗಿ ಬಂದ ಹುಡುಗರಿಗೆ ಮಹಜರು ಹೇಗೆ ಬರೆಯಬೇಕು ಅಂತ ಕಲಿಸಿದರು. ಇನ್ನು ಸ್ವಲ್ಪ ಸಮಯದಲ್ಲಿ ದಫೇದಾರ ಆಗುವವರಿದ್ದರು. ಆಗ ನಮ್ಮ ಅಜ್ಜಿಗೆ ಹಾಸಿಗೆ ಹಿಡಿಯಿತು. ನೋಡಿಕೊಳ್ಳಲು ಬೀಡಿ ಕಟ್ಟುವ ನನ್ನ ಅಮ್ಮ ಒಬ್ಬಳೇ. ಮಾವ ಊರ ಕಡೆಗೆ ವರ್ಗ ಕೇಳಿದರು. ಬಹಳ ಅಲೆದ ಮೇಲೆ ಆರ್ಡರು ಬಂತು. ಆರ್ಡರಿನಲ್ಲಿ ಎರಡು ಶಬ್ದ ಇತ್ತು: ‘ಸ್ವಂತ ಕೋರಿಕೆ.’ ಅದರ ಜತೆಗೆ ಮುಚ್ಚಳಿಕೆ ಬರೆದುಕೊಟ್ಟರು. ಜ್ಯೇಷ್ಠತೆ ಬಿಟ್ಟುಕೊಡುತ್ತೇನೆ, ಮುಂದೆ ಕೇಳುವುದಿಲ್ಲ ಅಂತ.

ಹೊಸ ಜಿಲ್ಲೆಯಲ್ಲಿ ಅವರ ನಂಬ್ರ ಬದಲಾಯಿತು. ಪೊಲೀಸರ ಹೆಗಲ ಮೇಲೆ ಇರುತ್ತದಲ್ಲ, ಪಿ.ಸಿ. ನಂಬ್ರ, ಅದು. ಪಟ್ಟಿಯಲ್ಲಿ ಅವರ ಹೆಸರು ಕಟ್ಟಕಡೆಗೆ ಹೋಯಿತು. ಅವರ ಮೇಲಿನ ಸಾಲಿನಲ್ಲಿ ಇದ್ದದ್ದು ಆಗಷ್ಟೇ ಟ್ರೈನಿಂಗ್ ಮುಗಿಸಿ ಬಂದ ಹುಡುಗರು. ಅಜ್ಜಿ ನಾಲ್ಕು ತಿಂಗಳಲ್ಲಿ ತೀರಿಕೊಂಡಳು. ಮಾವನ ಹದಿನಾಲ್ಕು ವರ್ಷ ತಿರುಗಿ ಬರಲಿಲ್ಲ.

ಇದನ್ನು ಅನುಕಂಪಕ್ಕಾಗಿ ಹೇಳುತ್ತಿಲ್ಲ. ಮಾವನೂ ಯಾರನ್ನೂ ಬೈಯುವುದಿಲ್ಲ. ‘ನಾನೇ ಸೈನು ಹಾಕಿದ್ದಲ್ವಾ ಮಾರಾಯ’ ಅನ್ನುತ್ತಾರೆ. ಆದರೆ ಸೈನು ಹಾಕಿಸಿದ ನಿಯಮ ಯಾವುದು, ಅದು ಎಲ್ಲರನ್ನೂ ಒಂದೇ ರೀತಿ ತಟ್ಟುತ್ತದಾ, ಅದನ್ನು ಕೇಳುವುದು ನಮ್ಮ ಕೆಲಸ.

ನಿಯಮ ಇದು. ಕರ್ನಾಟಕ ಸರ್ಕಾರಿ ನೌಕರರ ಜ್ಯೇಷ್ಠತಾ ನಿಯಮಗಳು, 1957. ಅದರ ಆರನೇ ನಿಯಮ ಎರಡು ಮಾತು ಹೇಳುತ್ತದೆ. ಸಾರ್ವಜನಿಕ ಹಿತಕ್ಕಾಗಿ ಒಬ್ಬ ನೌಕರನನ್ನು ಒಂದು ಕಡೆಯಿಂದ ಅದೇ ಸಂಬಳದ ಇನ್ನೊಂದು ಕಡೆಗೆ ಸರ್ಕಾರವೇ ಕಳಿಸಿದರೆ, ಅದು ಹೊಸ ನೇಮಕ ಅಲ್ಲ. ಅವನ ಜ್ಯೇಷ್ಠತೆ ಹಳೆಯ ಜಾಗದಲ್ಲಿ ಮೊದಲು ಸೇರಿದ ತಾರೀಖಿನಿಂದಲೇ ಲೆಕ್ಕ. ಆದರೆ ಅವನೇ ಕೇಳಿಕೊಂಡು ಹೋದರೆ, ಹೋದ ದಿನ ಅಲ್ಲಿ ಯಾರೆಲ್ಲ ಇದ್ದಾರೋ ಅವರೆಲ್ಲರ ಕೆಳಗೆ ಅವನು.

ಮನುಷ್ಯ ಅದೇ. ಲಾಠಿ ಅದೇ. ಸಂಬಳ ಅದೇ. ಆರ್ಡರಿನ ಎರಡು ಶಬ್ದ ಬೇರೆ, ಅಷ್ಟೆ.

ಇದು ದೂರದ ಊರಿನ ಕತೆ ಅಂತ ತಿಳಿಯಬೇಡಿ. ಇಲ್ಲಿ ಮೂರು ಕಡೆಯವರು ಕೂತಿದ್ದೀರಿ. ಬಂಟ್ವಾಳದವರು, ಬೆಳ್ತಂಗಡಿಯವರು, ಮೂಡುಬಿದಿರೆಯವರು. ಮದುವೆ, ಕೋಲ, ಸಾವು ಎಲ್ಲದಕ್ಕೂ ಒಬ್ಬರ ಮನೆಗೆ ಒಬ್ಬರು ಹೋಗುವವರು. ಬಂಟ್ವಾಳದಿಂದ ಸಿದ್ದಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಒಂದು ಗಂಟೆಯ ಬಸ್ಸು. ವೇಣೂರಿನಿಂದ ಇನ್ನೂ ಹತ್ತಿರ. ಆದರೆ ಪೊಲೀಸ್ ಇಲಾಖೆಯ ನಕ್ಷೆಯಲ್ಲಿ ನಡುವೆ ಒಂದು ಗೆರೆ ಉಂಟು. ಬಂಟ್ವಾಳ, ಬೆಳ್ತಂಗಡಿ, ವೇಣೂರು ಠಾಣೆಗಳು ದಕ್ಷಿಣ ಕನ್ನಡ ಜಿಲ್ಲಾ ಎಸ್ಪಿಯವರ ಕೆಳಗೆ. ಮೂಡುಬಿದಿರೆ ಠಾಣೆ ಮಂಗಳೂರು ನಗರದ ಪೊಲೀಸ್ ಕಮಿಷನರರ ಕೆಳಗೆ. 2010ರಲ್ಲಿ ಮಂಗಳೂರಿಗೆ ಕಮಿಷನರೇಟ್ ಬಂದ ಮೇಲಿನ ಏರ್ಪಾಡು ಇದು. ಪೇದೆಗಳ, ದಫೇದಾರರ ಪಟ್ಟಿ ಘಟಕಕ್ಕೆ ಒಂದು. ಜಿಲ್ಲೆ ಒಂದು ಘಟಕ, ಕಮಿಷನರೇಟ್ ಇನ್ನೊಂದು ಘಟಕ.

ಹಾಗಾದರೆ ನೋಡಿ. ಬೆಳ್ತಂಗಡಿಯ ಪೇದೆ ನಲವತ್ತು ಐವತ್ತು ಮೈಲಿ ಆಚೆ ಸುಳ್ಯಕ್ಕೆ ಹೋದರೆ ಅವನ ಹೆಸರು ಪಟ್ಟಿಯಲ್ಲಿ ಅಲುಗುವುದಿಲ್ಲ. ಅದೇ ಜಿಲ್ಲೆ, ಅದೇ ಘಟಕ. ವೇಣೂರಿನ ಪೇದೆ ಮಗುವಿನ ಶಾಲೆಗೆ ಹತ್ತಿರ ಆಗಲಿ ಅಂತ ಪಕ್ಕದ ಮೂಡುಬಿದಿರೆ ಕೇಳಿದರೆ ಅದು ಘಟಕ ಬದಲಾವಣೆ. ತಾನಾಗಿ ಕೇಳಿದ ವರ್ಗಕ್ಕೆ ಬರುವ ಶಿಕ್ಷೆ ಅದಕ್ಕೂ ಬರುತ್ತದೆ. ದಾರಿಯ ದೂರ ಇಲ್ಲಿ ಲೆಕ್ಕ ಅಲ್ಲ. ಗೆರೆ ಎಲ್ಲಿ ಎಳೆದಿದ್ದಾರೆ ಅನ್ನುವುದು ಲೆಕ್ಕ. ಗೆರೆ ಎಳೆದವರು ಪೇದೆಯನ್ನು ಕೇಳಿ ಎಳೆಯಲಿಲ್ಲ.

‘ತಾನಾಗಿ ಕೇಳಿ ಬಂದವನು ಅಲ್ಲಿದ್ದವರ ಮೇಲೆ ಕೂತರೆ ಅವರಿಗೆ ಅನ್ಯಾಯ ಅಲ್ವಾ?’ ಅಂತ ನೀವು ಕೇಳಬಹುದು. ಕೇಳಬೇಕು. ಆ ಪ್ರಶ್ನೆಯಲ್ಲಿ ಸತ್ಯ ಇದೆ. ಹತ್ತು ವರ್ಷ ಒಂದು ಘಟಕದಲ್ಲಿ ಕಾದವನ ಎದುರಿಗೆ ಹೊರಗಿನಿಂದ ಹದಿನಾಲ್ಕು ವರ್ಷದವನು ಬಂದು ನಿಂತರೆ, ಕಾದವನ ಬಡ್ತಿ ಹಿಂದೆ ಹೋಗುತ್ತದೆ. ಅವನೂ ಬಡವನ ಮಗನೇ. ಆದ್ದರಿಂದ ನಿಯಮ ಪೂರ್ತಿ ತಪ್ಪು ಅಂತ ನಾನು ಹೇಳುತ್ತಿಲ್ಲ. ನಾನು ಕೇಳುವುದು ಬೇರೆ. ‘ಸ್ವಂತ ಕೋರಿಕೆ’ ಅಂದರೆ ಎಂತದು? ದೊಡ್ಡವರಿಗೆ ಪರಿಚಯ ಉಂಟು, ಫೋನು ಉಂಟು. ಅವರು ಬಯಸಿದ ಜಾಗ ‘ಸಾರ್ವಜನಿಕ ಹಿತ’ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ಕೇರಿಯವನಿಗೆ ಫೋನು ಮಾಡುವವರಿಲ್ಲ. ಅವನು ಅರ್ಜಿ ಬರೆಯುತ್ತಾನೆ. ಅರ್ಜಿ ಬರೆದದ್ದೇ ಅವನ ತಪ್ಪಾಗುತ್ತದೆ. ತಾಯಿ ಸಾಯುವಾಗ ಹತ್ತಿರ ಇರಬೇಕು ಅನ್ನುವುದು ಕೋರಿಕೆಯಾ, ಇಲ್ಲಾ ಗತಿಯಾ?

ಈಗ ದಿಲ್ಲಿಗೆ ಹೋಗೋಣ. ಇದೇ ಪ್ರಶ್ನೆಗೆ ಅಲ್ಲಿ ಬೇರೆ ಉತ್ತರ ಸಿಕ್ಕಿದ್ದುಂಟು. ಗಡಿ ಭದ್ರತಾ ಪಡೆ, ಬಿ.ಎಸ್.ಎಫ್. ಅಂತೀವಲ್ಲ, ಅದರ ಕೆಲವು ಸಬ್ ಇನ್‌ಸ್ಪೆಕ್ಟರುಗಳನ್ನು ದಿಲ್ಲಿ ಪೊಲೀಸಿಗೆ ಎರವಲು ತೆಗೆದುಕೊಂಡರು. ಅದಕ್ಕೆ ಡೆಪ್ಯುಟೇಶನ್ ಅಂತಾರೆ. ಆಮೇಲೆ ಅಲ್ಲೇ ಖಾಯಂ ಮಾಡಿದರು. ಜ್ಯೇಷ್ಠತೆಯ ಲೆಕ್ಕ ಬಂದಾಗ ಇಲಾಖೆ ಹೇಳಿತು: ನೀವು ನಮ್ಮಲ್ಲಿ ಖಾಯಂ ಆದ ದಿನದಿಂದ ಎಣಿಕೆ, ಗಡಿ ಕಾದದ್ದು ಲೆಕ್ಕಕ್ಕಿಲ್ಲ. ಇದಕ್ಕೆ ಆಧಾರ ಕೇಂದ್ರ ಸರ್ಕಾರದ 1986ರ ಒಂದು ಸುತ್ತೋಲೆ. ಸಮಾನ ಹುದ್ದೆಯನ್ನು ಮೊದಲ ಇಲಾಖೆಯಲ್ಲಿ ಹಿಡಿದ ತಾರೀಖು, ಎರಡನೇ ಇಲಾಖೆಗೆ ಬಂದ ತಾರೀಖು, ಇವೆರಡರಲ್ಲಿ ‘ಯಾವುದು ಆಮೇಲಿನದೋ ಅದು’ ಅಂತ ಅದರಲ್ಲಿತ್ತು. ರೂಪ್‌ಲಾಲ್ ಎಂಬ ಸಬ್ ಇನ್‌ಸ್ಪೆಕ್ಟರ್ ಮತ್ತು ಅವರ ಜತೆಯವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1999ರ ಡಿಸೆಂಬರಿನಲ್ಲಿ ತೀರ್ಪು ಬಂತು. ಹುದ್ದೆ ಸಮಾನ ಆಗಿದ್ದರೆ ಹಿಂದಿನ ಸೇವೆಯನ್ನು ಎಣಿಸಬೇಕು. ‘ಆಮೇಲಿನದು’ ಅನ್ನುವ ಆ ಮಾತು ಸಂವಿಧಾನದ 14 ಮತ್ತು 16ನೇ ವಿಧಿಗೆ ವಿರೋಧ ಅಂತ ಕೋರ್ಟು ಹೊಡೆದುಹಾಕಿತು. 2001ರಲ್ಲಿ ಸರ್ಕಾರ ಸುತ್ತೋಲೆ ತಿದ್ದಿತು. ‘ಆಮೇಲಿನದು’ ಇದ್ದಲ್ಲಿ ‘ಮೊದಲಿನದು’ ಅಂತಾಯಿತು.

ಒಂದು ಶಬ್ದ, ಗೆಳೆಯರೆ. ಅದಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ನಾನು ಬಿ.ಎ.ಯಲ್ಲಿ ಕನ್ನಡ ಓದಿದವನು. ಶಬ್ದಕ್ಕೆ ಶಕ್ತಿ ಉಂಟು ಅಂತ ಪಾಠದಲ್ಲಿ ಕೇಳಿದ್ದೆ. ಎಷ್ಟು ಅಂತ ಈ ಸುತ್ತೋಲೆ ಓದಿದ ಮೇಲೆ ಗೊತ್ತಾಯಿತು.

ಒಂದನ್ನು ಸ್ಪಷ್ಟ ಮಾಡುತ್ತೇನೆ. ರೂಪ್‌ಲಾಲ್ ಮತ್ತು ಜತೆಯವರು ಬೇರೆ ಇಲಾಖೆಯಿಂದ ಎರವಲು ಬಂದು ಖಾಯಂ ಆದವರು. ನಮ್ಮ ಮಾವನ ಹಾಗೆ ಊರಿಗಾಗಿ ವರ್ಗ ಕೇಳಿ ಬಂದವರ ದಾರಿ ಬೇರೆ. ಅಂಥವರ ವಿಷಯದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು. ಕೇಂದ್ರ ಸರ್ಕಾರದ ಒಬ್ಬ ನೌಕರನ ಮೊಕದ್ದಮೆಯಲ್ಲಿ. ಸ್ವಂತ ಕೋರಿಕೆಯಿಂದ ಬಂದವನು ಪಟ್ಟಿಯ ಕೆಳಗೆ ಹೋಗುವುದು ಸರಿ, ಆದರೆ ಅವನ ಹಳೆಯ ಸೇವೆ ಅಳಿಸಿಹೋಗುವುದಿಲ್ಲ. ಬಡ್ತಿಗೆ ಇಷ್ಟು ವರ್ಷ ಸೇವೆ ಆಗಿರಬೇಕು ಅಂತ ನಿಯಮ ಇದ್ದರೆ ಆ ಅರ್ಹತೆಗೆ ಹಳೆಯ ವರ್ಷಗಳನ್ನು ಹಿಡಿಯಬೇಕು. ಅಂದರೆ ಸಾಲು ಬೇರೆ, ಸೇವೆ ಬೇರೆ. ಸಾಲು ಹೋಗಬಹುದು, ಸೇವೆ ಹೋಗುವುದಿಲ್ಲ. ಇದನ್ನು ನಮ್ಮ ಮಾವನಿಗೆ ಯಾರೂ ಹೇಳಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಪೇದೆ ಇದ್ದರೆ ಇವತ್ತೇ ಹೋಗಿ ಹೇಳಿ.

ಈ ತಾರೀಖಿನ ಆಟ ನಮಗೆ ಹೊಸತಲ್ಲ. ಇಲ್ಲಿ ಹಿರಿಯರಿದ್ದಾರೆ, ಅವರಿಗೆ ಭೂಮಸೂದೆ ನೆನಪಿರಬಹುದು. 1974ರ ಮಾರ್ಚ್ 1. ಆ ದಿನ ಯಾರು ಗೇಣಿ ಒಕ್ಕಲೋ ಅವರು ಡಿಕ್ಲರೇಶನ್ ಕೊಟ್ಟರು, ಭೂಮಿ ಅವರದಾಯಿತು. ಒಳ್ಳೆಯ ಕಾನೂನು. ನಮ್ಮ ಜಿಲ್ಲೆಯ ಸಾವಿರಾರು ಒಕ್ಕಲು ಮನೆಗಳು ಅದರಿಂದ ತಲೆಯೆತ್ತಿದವು. ಆದರೆ ನಮ್ಮವರು ಹೆಚ್ಚಿನವರು ಒಕ್ಕಲು ಅಲ್ಲ. ಮೂಲದಾಳು. ಒಂದು ಧಣಿಯ ಗದ್ದೆಯಿಂದ ಇನ್ನೊಂದು ಧಣಿಯ ಗದ್ದೆಗೆ ಹೋದವರು. ಅಜ್ಜ ಮುತ್ತಜ್ಜಂದಿರಿಂದ ಅದೇ ಮಣ್ಣು ಉತ್ತರೂ ಕಾಗದದಲ್ಲಿ ಅವರಿಗೆ ಒಂದು ತಾರೀಖು ಇರಲಿಲ್ಲ. ತಾರೀಖು ಇದ್ದವನಿಗೆ ಎಕ್ರೆ ಲೆಕ್ಕ. ಇಲ್ಲದವನಿಗೆ ಸಿಕ್ಕಿದ್ದರೆ ಸೆಂಟ್ಸ್ ಲೆಕ್ಕ, ಮನೆ ನಿಲ್ಲುವಷ್ಟು. ನನ್ನ ಅಮ್ಮ ಬೀಡಿ ಬ್ರಾಂಚ್ ಬದಲಿಸಿದಾಗಲೂ ಹೀಗೇ ಆಯಿತು. ಹಳೆಯ ಪುಸ್ತಕ ಇಲ್ಲಿ ನಡೆಯುವುದಿಲ್ಲ ಅಂತ ಹೊಸ ಪುಸ್ತಕ ಕೊಟ್ಟರು. ಒಂದನೇ ಪುಟದಿಂದ ಸುರು.

ಜಾಗ ಬದಲಾದಾಗ ನಮ್ಮವರು ಮಾತ್ರ ಯಾವಾಗಲೂ ಒಂದನೇ ಪುಟದಿಂದ ಸುರು ಮಾಡಬೇಕು. ಇದೇ ನಾನು ಹೇಳಬೇಕೆಂದಿರುವ ಮಾತು. ಜ್ಯೇಷ್ಠತೆ ಅಂದರೆ ಎಷ್ಟು ವರ್ಷ ದುಡಿದೆ ಅನ್ನುವ ಕೂಡಿಸುವ ಲೆಕ್ಕ ಅಲ್ಲ. ಯಾವ ತಾರೀಖಿನಿಂದ ಎಣಿಸಬೇಕು ಅನ್ನುವ ತೀರ್ಮಾನ. ಆ ತಾರೀಖನ್ನು ಯಾರೋ ಆರಿಸುತ್ತಾರೆ. ಆರಿಸುವ ಮೇಜಿನ ಹತ್ತಿರ ನಾವು ಇರುವುದಿಲ್ಲ.

ಇಷ್ಟು ಅಡ್ಡಡ್ಡ ಹೋಗುವ ಬದಲಾವಣೆಯ ಮಾತು. ಇನ್ನು ಮೇಲಕ್ಕೆ ಹೋಗುವುದು. ಬಡ್ತಿ. ಅಲ್ಲಿಯ ಕತೆ ಇನ್ನೂ ದೊಡ್ಡದು. ಅದು ಪೊಲೀಸರದು ಮಾತ್ರ ಅಲ್ಲ, ರಾಜ್ಯದ ಎಲ್ಲ ಇಲಾಖೆಯದು.

1978ರ ಏಪ್ರಿಲ್ 27ರಂದು ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು. ಬಡ್ತಿಯಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 15, ಪರಿಶಿಷ್ಟ ಪಂಗಡಕ್ಕೆ 3. ಅದಕ್ಕೆ 33 ಬಿಂದುಗಳ ಒಂದು ರೋಸ್ಟರು. ರೋಸ್ಟರು ಅಂದರೆ ಸರದಿಯ ಪಟ್ಟಿ. ಇಂಥ ಬಿಂದು ಬಂದಾಗ ಪರಿಶಿಷ್ಟ ಜಾತಿಯವನಿಗೆ ಅಂತ ಗುರುತು ಹಾಕಿದ್ದು.

ಈಗ ಒಂದು ಲೆಕ್ಕ ಹಾಕೋಣ. ಹೆಸರುಗಳು ಬರೀ ಉದಾಹರಣೆಗೆ. ಸುಬ್ರಾಯ, ಐತಪ್ಪ ಇಬ್ಬರೂ 1980ರಲ್ಲಿ ಒಂದೇ ದಿನ ಪೇದೆಗಳಾದರು. ಸುಬ್ರಾಯ ಪಟ್ಟಿಯಲ್ಲಿ ಎರಡನೆಯವನು, ಐತಪ್ಪ ಒಂಬತ್ತನೆಯವನು. 1988ರಲ್ಲಿ ರೋಸ್ಟರಿನ ಬಿಂದು ಬಂತು, ಐತಪ್ಪ ದಫೇದಾರ ಆದ. ಸುಬ್ರಾಯನ ಸರದಿ 1993ರಲ್ಲಿ ಬಂತು, ಅವನೂ ದಫೇದಾರ ಆದ. ದಫೇದಾರರ ಪಟ್ಟಿಯಲ್ಲಿ ಯಾರು ಮೇಲೆ? ಐದು ವರ್ಷ ಮೊದಲು ಆ ಪಟ್ಟಿ ಕಟ್ಟಿಕೊಂಡವನು ಐತಪ್ಪ. ಆದ್ದರಿಂದ ಐತಪ್ಪ ಮೇಲೆ ಅಂತ ನೀವೂ ನಾನೂ ಹೇಳುತ್ತೇವೆ. ಹಾಗಲ್ಲ ಅಂತ ಸುಪ್ರೀಂ ಕೋರ್ಟು 1995ರ ಅಕ್ಟೋಬರಿನಲ್ಲಿ ವೀರ್‌ಪಾಲ್ ಸಿಂಗ್ ಚೌಹಾಣ್ ಮೊಕದ್ದಮೆಯಲ್ಲಿ ಹೇಳಿತು. ಅದು ರೈಲ್ವೆ ಗಾರ್ಡುಗಳ ಮೊಕದ್ದಮೆ. ಮೀಸಲಾತಿಯಿಂದ ಬೇಗ ಮೇಲೆ ಹೋದವನನ್ನು ಹಿಂದಿನಿಂದ ಬಂದವನು ತಲುಪಿದ ಕೂಡಲೆ, ಕೆಳಗಿನ ಹಳೆಯ ಸಾಲೇ ಮತ್ತೆ ನಡೆಯಬಹುದು ಅಂತ. ವಕೀಲರು ಇದನ್ನು ಕ್ಯಾಚ್ ಅಪ್ ರೂಲ್ ಅಂತಾರೆ. 1999ರಲ್ಲಿ ಅಜಿತ್ ಸಿಂಗ್ ಮೊಕದ್ದಮೆಯಲ್ಲಿ ಅದನ್ನೇ ಗಟ್ಟಿ ಮಾಡಿದರು. 2000ದ ಡಿಸೆಂಬರಿನಲ್ಲಿ ಬಡಪ್ಪನವರ್ ಎಂಬವರ ಮೊಕದ್ದಮೆಯಲ್ಲಿ ನಮ್ಮ ಕರ್ನಾಟಕಕ್ಕೇ ಅದನ್ನು ಹಚ್ಚಿದರು.

ಐತಪ್ಪ ಐದು ವರ್ಷ ದಫೇದಾರನಾಗಿ ಎಂತ ಮಾಡಿದ? ಬಂದೋಬಸ್ತಿಗೆ ಹೋದ. ತನಿಖೆಗೆ ಸಹಾಯ ಮಾಡಿದ. ತಪ್ಪು ಮಾಡಿದರೆ ಶಿಕ್ಷೆ ತಿಂದ. ಆ ಐದು ವರ್ಷ ಸಂಬಳಕ್ಕೆ ಉಂಟು, ಶಿಕ್ಷೆಗೆ ಉಂಟು, ಸಾಲಿಗೆ ಇಲ್ಲ. ಇದು ಊಟದ ಪಂಕ್ತಿಯ ಹಾಗೆ. ಒಳಗೆ ಬಾ, ಕೂತುಕೋ ಅಂತ ಹೇಳುತ್ತಾರೆ. ಬಡಿಸುವ ಹೊತ್ತಿಗೆ, ನೀನು ಮೊದಲೇ ಕೂತದ್ದು ಸರಿ, ಆದರೆ ನಿನ್ನ ಜಾಗ ಆ ಕಡೆ ಅಂತ ಎಬ್ಬಿಸುತ್ತಾರೆ.

ಪಾರ್ಲಿಮೆಂಟು ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳಬೇಕು. 1995ರ 77ನೇ ತಿದ್ದುಪಡಿ ಬಡ್ತಿಯ ಮೀಸಲಾತಿಗೆ ಸಂವಿಧಾನದಲ್ಲಿ ಜಾಗ ಮಾಡಿತ್ತು. 2002ರ ಜನವರಿಯಲ್ಲಿ ಒಪ್ಪಿಗೆ ಪಡೆದ 85ನೇ ತಿದ್ದುಪಡಿ, ಬಡ್ತಿಯ ಜತೆಗೆ ಅದರಿಂದ ಬರುವ ಜ್ಯೇಷ್ಠತೆಯನ್ನೂ ಕೊಡಬಹುದು ಅಂತ ಸೇರಿಸಿತು, ಅದೂ 1995ರ ಜೂನ್ 17ರಿಂದ ಪೂರ್ವಾನ್ವಯವಾಗಿ. ಇದಕ್ಕೇ ತತ್ಪರಿಣಾಮ ಜ್ಯೇಷ್ಠತೆ ಅಂತಾರೆ. ಕರ್ನಾಟಕವೂ 2002ರಲ್ಲಿ ತನ್ನ ಕಾಯಿದೆ ಮಾಡಿತು. ಐತಪ್ಪ ಮತ್ತೆ ಮೇಲೆ ಬಂದ.

ಆಮೇಲೆ 2006ರ ಅಕ್ಟೋಬರಿನಲ್ಲಿ ನಾಗರಾಜ್ ತೀರ್ಪು. ತಿದ್ದುಪಡಿಗಳು ಸರಿ, ಆದರೆ ರಾಜ್ಯ ಸರ್ಕಾರ ಮೂರು ವಿಷಯ ತೋರಿಸಬೇಕು ಅಂತ. ಇವರು ಹಿಂದುಳಿದವರು ಅನ್ನುವುದಕ್ಕೆ ಅಂಕಿ ಅಂಶ, ನೌಕರಿಯಲ್ಲಿ ಇವರು ಸಾಕಷ್ಟಿಲ್ಲ ಅನ್ನುವುದಕ್ಕೆ ಅಂಕಿ ಅಂಶ, ಆಡಳಿತದ ದಕ್ಷತೆಗೆ ಕುಂದಿಲ್ಲ ಅನ್ನುವ ಖಾತರಿ. ನಮ್ಮ ಸರ್ಕಾರ ಆ ಲೆಕ್ಕ ಹಾಕಲೇ ಇಲ್ಲ. 2017ರ ಫೆಬ್ರವರಿ 9ರಂದು ಬಿ.ಕೆ. ಪವಿತ್ರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2002ರ ಕಾಯಿದೆಯ ಜ್ಯೇಷ್ಠತೆಯ ಕಲಮುಗಳನ್ನು ರದ್ದು ಮಾಡಿತು. ಮೂರು ತಿಂಗಳಲ್ಲಿ ಪಟ್ಟಿಗಳನ್ನು ತಿದ್ದಿ ಅಂತ ಹೇಳಿತು. ಐತಪ್ಪನಂಥವರು ಮತ್ತೆ ಕೆಳಗೆ. ಪಟ್ಟಿ ತಿರುಗಿ ಬರೆದಾಗ ಕುರ್ಚಿಯಿಂದ ಇಳಿದವರನ್ನು ನೆನಪಿಸಿಕೊಳ್ಳಿ. ನಿನ್ನೆ ತನಗೆ ಸಲ್ಯೂಟ್ ಹೊಡೆಯುತ್ತಿದ್ದವನಿಗೆ ಇವತ್ತು ತಾನೇ ಹೊಡೆಯಬೇಕು.

ಆಗ ಸರ್ಕಾರಕ್ಕೆ ಎಚ್ಚರ ಆಯಿತು. ರತ್ನಪ್ರಭಾ ಎಂಬ ಹಿರಿಯ ಅಧಿಕಾರಿಯವರ ಸಮಿತಿ ಮಾಡಿದರು. 31 ಇಲಾಖೆಗಳ ಲೆಕ್ಕ ತೆಗೆದರು. ಪರಿಶಿಷ್ಟ ಜಾತಿಯವರು ಸರಾಸರಿ ನೂರಕ್ಕೆ 10.65, ಪಂಗಡದವರು 2.92. ನೆನಪಿಡಿ, 1978ರಲ್ಲಿ ಹೇಳಿದ್ದು 15 ಮತ್ತು 3. ನಾಲ್ಕು ದಶಕ ಆದರೂ ಹೇಳಿದಷ್ಟು ಕೊಡಲಿಲ್ಲ. ಈ ವರದಿಯ ಆಧಾರದ ಮೇಲೆ ಹೊಸ ಕಾಯಿದೆ ಬಂತು. 2018ರ ಜೂನಿನಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. 2019ರ ಮೇ 10ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ದಕ್ಷತೆ ಅಂದರೆ ಪರೀಕ್ಷೆಯ ಅಂಕ ಮಾತ್ರ ಅಲ್ಲ, ಸಮಾಜದ ಎಲ್ಲರನ್ನೂ ಒಳಗೊಂಡ ಆಡಳಿತವೇ ದಕ್ಷ ಆಡಳಿತ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿ ಉಂಟು.

ಅಲ್ಲಿಗೆ ಮುಗಿಯಿತಾ? ಇಲ್ಲ. 2022ರ ಜನವರಿ 28ರಂದು ಜರ್ನೈಲ್ ಸಿಂಗ್ ಮೊಕದ್ದಮೆಯಲ್ಲಿ ಕೋರ್ಟು ಮತ್ತೆ ಹೇಳಿತು: ಅಂಕಿ ಅಂಶವನ್ನು ಎ, ಬಿ, ಸಿ, ಡಿ ಎಂಬ ಗುಂಪಿನ ಲೆಕ್ಕದಲ್ಲಿ ತೆಗೆದರೆ ಸಾಲದು, ಒಂದೊಂದು ವೃಂದದ ಲೆಕ್ಕ ಬೇಕು. 2019ರ ತೀರ್ಪು ಗುಂಪಿನ ಲೆಕ್ಕ ಒಪ್ಪಿದ್ದು ಸರಿಯಲ್ಲ ಅಂತಲೂ ಹೇಳಿತು. ಮತ್ತೆ ಅದೇ ಪ್ರಶ್ನೆ ನೋಡಿ. ಘಟಕ ಯಾವುದು? ಗೆರೆ ಎಲ್ಲಿ? ಎಲ್ಲಿಂದ ಎಲ್ಲಿವರೆಗೆ ಎಣಿಸುತ್ತೀರಿ?

1978ರಿಂದ 2022. ಐತಪ್ಪ ಏರಿದ, ಇಳಿದ, ಏರಿದ, ಇಳಿದ, ಮತ್ತೆ ಏರಿದ. ಅಷ್ಟರಲ್ಲಿ ಅವನು ರಿಟಾಯರ್ ಆಗಿ ಮನೆಯಲ್ಲಿ ಕೂತಿರುತ್ತಾನೆ.

ಕಾಲೇಜಿನಲ್ಲಿ ನನ್ನ ಜತೆ ಓದಿದ ಒಬ್ಬ ಗೆಳೆಯ ಇದ್ದಾನೆ. ಮೇಲ್ಜಾತಿಯವನು, ಬಡವ. ಅವನ ತಂದೆಯೂ ಸರ್ಕಾರಿ ನೌಕರ. ಅವನು ಒಂದು ದಿನ ಕೇಳಿದ: ‘ನನ್ನ ಅಪ್ಪನಿಗಿಂತ ಏಳೆಂಟು ವರ್ಷ ಚಿಕ್ಕವನು ಅಪ್ಪನ ಮೇಲಿನ ಅಧಿಕಾರಿಯಾಗಿ ಕೂತ. ಅಪ್ಪ ಎಂತ ತಪ್ಪು ಮಾಡಿದ್ದು ಹೇಳು?’ ನನಗೆ ಆಗ ಬಾಯಿ ಕಟ್ಟಿತು. ಅವನ ಅಪ್ಪ ಯಾವ ತಪ್ಪೂ ಮಾಡಿಲ್ಲ. ಆ ನೋವು ಸುಳ್ಳಲ್ಲ. ನಾವು ಅದನ್ನು ಗೇಲಿ ಮಾಡಬಾರದು.

ಆಮೇಲೆ ಯೋಚನೆ ಮಾಡಿ ಅವನಿಗೆ ಹೇಳಿದೆ. ನಿನ್ನ ಅಪ್ಪ ಸೇವೆಗೆ ಸೇರಿದ ದಿನದಿಂದ ನೀನು ಎಣಿಸುತ್ತಿದ್ದೀ. ನನ್ನ ಮನೆಯವರು ಶಾಲೆಯ ಜಗಲಿ ಹತ್ತಲು ಬಿಟ್ಟ ದಿನದಿಂದ ಎಣಿಸು. ನಮ್ಮ ಜಿಲ್ಲೆಯಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಅಕ್ಷರ ಕಲಿಸಲು ಹೊರಟಾಗ ಅವರ ಸ್ವಂತ ಜಾತಿಯವರೇ ಅವರನ್ನು ಹೊರಗಿಟ್ಟರು. ಕೊರಗರ ಅಜಲು ಪದ್ಧತಿ ನಿಲ್ಲಿಸಲಿಕ್ಕೆ ಕಾಯಿದೆ ಬಂದದ್ದು 2000ದಲ್ಲಿ. ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸಬಾರದು ಅಂತ ಹೇಳಲಿಕ್ಕೆ ಈ ದೇಶಕ್ಕೆ ಎರಡು ಸಾವಿರದ ಇಸವಿಯವರೆಗೆ ಬೇಕಾಯಿತು. ಈ ತಾರೀಖುಗಳನ್ನು ಯಾವ ಜ್ಯೇಷ್ಠತಾ ಪಟ್ಟಿಯಲ್ಲಿ ಬರೆದಿದ್ದಾರೆ? ಗೆಳೆಯ ಒಪ್ಪಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ. ನಾವಿಬ್ಬರೂ ಚಾ ಕುಡಿದೆವು. ಜಗಳ ಇನ್ನೂ ಉಂಟು.

ಇನ್ನು ನಮ್ಮ ತಾಯಂದಿರು ಕೇಳಬಹುದು. ಒಬ್ಬ ದಫೇದಾರ ಮೇಲೆ ಹೋದರೆ ನಮಗೆಂತ? ಬೀಡಿಗೆ ಹೆಚ್ಚು ಸಿಗುತ್ತದಾ?

ಇಲ್ಲ. ಆದರೆ ಇದನ್ನು ಕೇಳಿ. ದೌರ್ಜನ್ಯ ತಡೆ ಕಾಯಿದೆ 1989ರದು, ಅದರ ನಿಯಮಗಳು 1995ರವು. ಜಾತಿಯ ಹೆಸರಿನಲ್ಲಿ ನಿಮ್ಮ ಮೇಲೆ ಕೈ ಮಾಡಿದರೆ, ಆ ಕೇಸಿನ ತನಿಖೆಯನ್ನು ಡಿ.ವೈ.ಎಸ್.ಪಿ.ಗಿಂತ ಕೆಳಗಿನವರು ಮಾಡುವ ಹಾಗಿಲ್ಲ ಅಂತ ಏಳನೇ ನಿಯಮ ಹೇಳುತ್ತದೆ. ಅದೂ ಅನುಭವ, ಸಾಮರ್ಥ್ಯ, ನ್ಯಾಯದ ಬುದ್ಧಿ ನೋಡಿ ಆ ಅಧಿಕಾರಿಯನ್ನು ನೇಮಿಸಬೇಕು. ಅಂದರೆ ನಿಮ್ಮ ದೂರು ಸುಳ್ಳಾ ನಿಜವಾ ಅಂತ ಕೊನೆಗೆ ಬರೆಯುವ ಕೈ ಆ ಮೆಟ್ಟಿಲ ಮೇಲೆ ಇರುತ್ತದೆ. ಆ ಮೆಟ್ಟಿಲಿಗೆ ಯಾರು ಹತ್ತುತ್ತಾರೆ, ಯಾವಾಗ ಹತ್ತುತ್ತಾರೆ ಅನ್ನುವುದನ್ನು ಜ್ಯೇಷ್ಠತಾ ಪಟ್ಟಿ ತೀರ್ಮಾನ ಮಾಡುತ್ತದೆ. ನಿವೃತ್ತಿಗೆ ಆರು ತಿಂಗಳಿರುವಾಗ ಬಡ್ತಿ ಬಂದವನು ಆ ಕುರ್ಚಿಯಲ್ಲಿ ಎಷ್ಟು ಕೇಸು ಬರೆಯಬಲ್ಲ?

ನಮ್ಮವನು ಟೋಪಿ ಹಾಕಿದ ಕೂಡಲೆ ನ್ಯಾಯ ಬಂತು ಅಂತ ನಾನು ಹೇಳುವುದಿಲ್ಲ. ಟೋಪಿ ಹಾಕಿದ ಮೇಲೆ ಕೇರಿಯ ದಾರಿ ಮರೆತವರನ್ನೂ ನೋಡಿದ್ದೇವೆ. ಕೇರಿಯವನಲ್ಲದ, ಆದರೆ ನೆಟ್ಟಗೆ ತನಿಖೆ ಮಾಡಿದ ಅಧಿಕಾರಿಗಳನ್ನೂ ನೋಡಿದ್ದೇವೆ. ಆದರೂ ಪೊಲೀಸರು ನಡೆಸುವ ಕುಂದುಕೊರತೆ ಸಭೆಗೆ ಹೋದಾಗ ಮೇಜಿನ ಈಚೆ ಕಡೆ ಮಾತ್ರ ನಾವು, ಆಚೆ ಕಡೆ ಒಬ್ಬನೂ ಇಲ್ಲ ಅಂತಾದರೆ, ಆ ಸಭೆ ಧಣಿಯ ಅಂಗಳದ ಹಾಗೇ ಕಾಣುತ್ತದೆ. ಅಂಬೇಡ್ಕರ್ ಅವರು ಜಾತಿಯನ್ನು ಮೆಟ್ಟಿಲು ಮೆಟ್ಟಿಲಾದ ಅಸಮಾನತೆ ಅಂತ ಕಂಡರು. ಮೆಟ್ಟಿಲನ್ನು ಕಟ್ಟುವವರ ಲೆಕ್ಕಪುಸ್ತಕ ಓದದೆ ಅದನ್ನು ಒಡೆಯಲಿಕ್ಕಾಗುವುದಿಲ್ಲ.

ಆದ್ದರಿಂದ ನಾಲ್ಕು ಕೆಲಸ ಹೇಳಿ ನನ್ನ ಮಾತು ಮುಗಿಸುತ್ತೇನೆ.

ಒಂದು. ನಮ್ಮ ನೌಕರರು ಪಟ್ಟಿ ಓದಬೇಕು. ಮೊದಲು ತಾತ್ಕಾಲಿಕ ಪಟ್ಟಿ ಬರುತ್ತದೆ, ಆಕ್ಷೇಪಣೆಗೆ ಒಂದು ಗಡುವು ಇರುತ್ತದೆ, ಆಮೇಲೆ ಅಂತಿಮ ಪಟ್ಟಿ. ಗಡುವು ದಾಟಿದ ಮೇಲೆ ಅತ್ತರೆ ಉಳಿಯುವುದು ಆಡಳಿತ ನ್ಯಾಯಮಂಡಳಿ. ಅದು ಇರುವುದು ಬೆಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ. ಬೆಳ್ತಂಗಡಿಯಿಂದ ರಾತ್ರಿ ಬಸ್ಸು ಹತ್ತಬೇಕು, ವಕೀಲರಿಗೆ ಕೊಡಬೇಕು. ಒಂದು ಪುಟದ ಆಕ್ಷೇಪಣೆ ಅದಕ್ಕಿಂತ ಹಗುರ.

ಎರಡು. ಯಾವುದೇ ವರ್ಗಾವಣೆ ಆರ್ಡರು ಬಂದಾಗ ‘ಸಾರ್ವಜನಿಕ ಹಿತ’ ಅಂತ ಉಂಟಾ, ‘ಸ್ವಂತ ಕೋರಿಕೆ’ ಅಂತ ಉಂಟಾ ನೋಡಬೇಕು. ಮುಚ್ಚಳಿಕೆಗೆ ಸೈನು ಹಾಕುವ ಮೊದಲು ಓದಬೇಕು. ಓದಲು ಬಾರದ ಕಾನೂನು ಕನ್ನಡ ಆದರೆ ನಮ್ಮ ಹತ್ತಿರ ತನ್ನಿ. ಬಿ.ಎ. ಮಾಡಿದ್ದು ಅದಕ್ಕಾದರೂ ಉಪಯೋಗ ಆಗಲಿ.

ಮೂರು. ಸರ್ಕಾರವನ್ನು ಒಂದೊಂದು ವೃಂದದ ಅಂಕಿ ಕೇಳಬೇಕು. ಪೇದೆ ಎಷ್ಟು, ದಫೇದಾರ ಎಷ್ಟು, ಎ.ಎಸ್.ಐ. ಎಷ್ಟು, ಇನ್‌ಸ್ಪೆಕ್ಟರ್ ಎಷ್ಟು, ಅದರಲ್ಲಿ ನಮ್ಮವರು ಎಷ್ಟು ಅಂತ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ಅಂಕಿ ಇಲ್ಲ ಅನ್ನುವ ಕಾರಣಕ್ಕೆ 2017ರಲ್ಲಿ ಸೋತೆವು. ಇನ್ನೊಮ್ಮೆ ಅದೇ ಕಾರಣಕ್ಕೆ ಸೋತರೆ ತಪ್ಪು ನಮ್ಮದೂ ಹೌದು.

ನಾಲ್ಕು. ತಾಯಿ ತಂದೆಯ ಕಾಯಿಲೆ, ಗಂಡ ಹೆಂಡತಿ ಬೇರೆ ಬೇರೆ ಊರು, ಇಂಥ ಕಾರಣಕ್ಕೆ ಕೇಳಿದ ವರ್ಗಕ್ಕೂ ಬರೀ ಅನುಕೂಲಕ್ಕೆ ಕೇಳಿದ ವರ್ಗಕ್ಕೂ ವ್ಯತ್ಯಾಸ ಮಾಡಿ ಅಂತ ಒತ್ತಾಯಿಸಬೇಕು. ಈ ಬೇಡಿಕೆ ದಲಿತರದು ಮಾತ್ರ ಅಲ್ಲ. ನನ್ನ ಆ ಗೆಳೆಯನ ಅಪ್ಪನೂ ಇದಕ್ಕೆ ಸೈನು ಹಾಕಬಹುದು. ಜಗಳದ ನಡುವೆಯೂ ಜತೆಯಾಗಿ ನಿಲ್ಲುವ ಒಂದು ಜಾಗ ಇದು.

ಮೊನ್ನೆ ಮಾವನ ಹತ್ತಿರ ಕೇಳಿದೆ. ‘ಅವತ್ತು ಇದೆಲ್ಲ ಗೊತ್ತಿದ್ದರೆ ಬರುತ್ತಿದ್ದಿರಾ?’ ಮಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಬರುತ್ತಿದ್ದೆ. ಆದರೆ ಮುಚ್ಚಳಿಕೆ ಓದಿ ಬರುತ್ತಿದ್ದೆ.’

ಓದಿ ಸೈನು ಹಾಕೋಣ, ಗೆಳೆಯರೆ. ಓದಿದ ಮೇಲೆ ಹಾಕಬಾರದು ಅನ್ನಿಸಿದರೆ ಹಾಕದೆ ಇರೋಣ. ಯಾವ ತಾರೀಖಿನಿಂದ ಎಣಿಸುತ್ತೀರಿ ಅಂತ ಪ್ರತಿಯೊಂದು ಮೇಜಿನ ಎದುರು ನಿಂತು ಕೇಳೋಣ.

ಜೈ ಭೀಮ್.